ನೇತ್ರಾಣಿಯಿಂದ ಸೀದಾ ಅಂಟಾರ್ಕ್ಟಿಕಾಗಾ?

ಮೇಡಂ, ನೇತ್ರಾಣಿಯಲ್ಲಿ ಕಲಿತ ಡೈವಿಂಗನ್ನೇ ನೆಚ್ಚಿಕೊಂಡು ಈ ಡಿಸೆಂಬರಿಗೇ ಅಂಟಾರ್ಕ್ಟಿಕಾದ ಹಡಗು ಹತ್ತಬೇಡಿ. ಅಲ್ಲಿನ ನೀರು ಸೊನ್ನೆ ಡಿಗ್ರಿಯ ಆಸುಪಾಸು. ಉಪ್ಪುನೀರಾದ್ದರಿಂದ ಮೈನಸ್ 1.8ರವರೆಗೂ ಹೆಪ್ಪುಗಟ್ಟದು. ರೆಗ್ಯುಲೇಟರಿನೊಳಗೆ ಐಸ್ ಕಟ್ಟಿದರೆ ಗಾಳಿ ನಿಲ್ಲುವುದಿಲ್ಲ, ಭರ್ರನೆ ಸೋರಿ ಸಿಲಿಂಡರನ್ನೇ ಬರಿದು ಮಾಡುತ್ತದೆ. ಅದಕ್ಕೇ ಎರಡು ಪ್ರತ್ಯೇಕ ರೆಗ್ಯುಲೇಟರ್ ಬೇಕೆನ್ನುತ್ತಾರೆ. ನೀರು ಒಳನುಗ್ಗದ ಡ್ರೈಸೂಟಿನಲ್ಲಿ 20–30 ಡೈವ್ ಆಗಿರಬೇಕೆಂದೂ ಸಾಮಾನ್ಯವಾಗಿ ಕೇಳುತ್ತಾರೆ. ನಾರ್ವೆಯಲ್ಲೋ ಸ್ಕಾಟ್ಲೆಂಡಿನಲ್ಲೋ ಮೊದಲು ಅದನ್ನು ಮುಗಿಸಿ.

ಹಡಗು ಉಶುವಾಯಾ ಬಂದರು ಬಿಟ್ಟ ಮೇಲೆ ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ. ಡಾಕ್ಟರನ್ನು ಕೇಳಿ, ಹೊಟ್ಟೆ ತೊಳಸುವ ಮುಂಚೆಯೇ ಮಾತ್ರೆ ನುಂಗಿ. ಆಮೇಲೆ ಒದ್ದೆ ಕೈಗವಸು ಎಲ್ಲಿ ಒಣಗಿಸುವುದು ಎಂಬುದೇ ದಿನನಿತ್ಯದ ಚಿಂತೆ! ಚಿರತೆ ಸೀಲ್ ಸುಳಿದರೆ ಡೈವ್ ರದ್ದಾಗಬಹುದು. ಗೈಡ್ ಜೊತೆ ವಾದಕ್ಕಿಳಿಯಬೇಡಿ.

ಡೈವ್ ಮಾಡದ ಯಜಮಾನರಿಗೆ ಬೇಜಾರಾದೀತೆಂಬ ಅಳುಕು ಬಿಡಿ. ನೀವು ಸೂಟಿನೊಂದಿಗೆ ಗುದ್ದಾಡುವಷ್ಟರಲ್ಲಿ ಅವರು ದಡ ಸೇರಿ, 5 ಮೀಟರ್ ದೂರದಿಂದ ಪೆಂಗ್ವಿನ್ ನೋಡುತ್ತಿರುತ್ತಾರೆ. ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರಷ್ಟೇ ಇಳಿಯಬಹುದು, ಹಾಗಾಗಿ ಚಿಕ್ಕ ಹಡಗನ್ನೇ ಆರಿಸಿ. ವಿಮೆಯಲ್ಲಿ ಡೈವಿಂಗ್ ಅಪಘಾತವೂ ತುರ್ತು ಸಾಗಣೆಯೂ ಸೇರಿವೆಯೇ ಎಂದು ಮುಂಗಡ ಕಟ್ಟುವ ಮೊದಲೇ ಓದಿಕೊಳ್ಳಿ.