ತುಂಬೆಯ ಊರಿನಲ್ಲಿ ತುಂಬಿಗೆ ತಾಣ

ತುಮಕೂರೆಂಬ ಹೆಸರು ತುಂಬೆಯ ಹೂವಿನಿಂದ ಬಂದುದೆಂದು ಒಂದು ಜನಶ್ರುತಿಯುಂಟು. ತುಮುಕೆಯೆಂಬ ಚರ್ಮವಾದ್ಯದಿಂದ ಬಂದುದೆಂದು ಇನ್ನೊಂದುಂಟು. ನಿರ್ಣಯವೇನೇ ಇರಲಿ, ಶಿವಪೂಜೆಗೆ ಶ್ರೇಷ್ಠವೆನಿಸಿದ ಆ ಬಿಳಿಯ ಹೂವು ಮಳೆ ಬಿದ್ದೊಡನೆ ಬಯಲಿನಲ್ಲಿ ತಾನಾಗಿಯೇ ಹುಟ್ಟಿ ಬೆಳೆಯುವುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಆದರೆ ಸದಾಶಿವನಗರದಂತಹ ಬಡಾವಣೆಗಳಲ್ಲಿ ಅಂಗಳಕ್ಕೆ ಸಿಮೆಂಟು ಬಳಿದು, ಉಳಿದ ಗೇಣು ಮಣ್ಣಿನಲ್ಲಿ ಮೊಳೆತ ತುಂಬೆಯನ್ನು ಕಳೆಯೆಂದು ಕಿತ್ತೆಸೆದ ಮೇಲೆ ಪೂಜೆಗೆ ಹೂವನ್ನು ಎಲ್ಲಿಂದ ತರಬೇಕು? ತುಂಬೆ ಅಳಿದೆಡೆಯಲ್ಲಿ ತುಂಬಿಗೂ ಮೇವು ಕುಂದುವುದು.

ಪರಾಗವು ಶಲಾಕಾಗ್ರವನ್ನು ಸೇರಿದಲ್ಲದೆ ಸಾಮಾನ್ಯವಾಗಿ ಹೂವು ಕಾಯಾಗದು. ಕಲ್ಪತರುವಿನ ನಾಡೆನಿಸಿದ ಈ ಜಿಲ್ಲೆಗೆ ಇದು ಬದುಕಿನ ಪ್ರಶ್ನೆ. ಎತ್ತರದ ನಾಟಿ ತೆಂಗಿನ ಹೊಂಬಾಳೆಯಲ್ಲಿ ಗಂಡುಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣುಹೂಗಳು ಅನಂತರ ಸಿದ್ಧವಾಗುತ್ತವೆ. ಆದಕಾರಣ ಹೆಚ್ಚಾಗಿ ಬೇರೆ ಮರದ ಪರಾಗವೇ ಬೇಕು. ಅದನ್ನು ಗಾಳಿಯೊಡನೆ ಜೇನ್ನೊಣವೂ ಹೊತ್ತು ತರುತ್ತದೆ. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹಬ್ಬಿ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದುವು. ಅಂತಹ ಆಪತ್ತನ್ನು ತಡೆಯುವುದು ಗೃಹಸ್ಥರ ಕೈಯಲ್ಲಿಲ್ಲ. ಮೇವನ್ನು ಒದಗಿಸುವುದು ಅವರ ಕೈಯಲ್ಲಿದೆ.

ಕಣ್ಣಿಗೆ ಚೆಲುವಾದ ಹೂವೆಲ್ಲ ಮೇವಲ್ಲ. ಸುತ್ತುದಳದ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಪರಾಗವು ವಿರಳ. ನಮ್ಮ ನೆಲದ ತಂಗಡಿಯ ರೀತಿ ಬೇರೆ. ಅದರಲ್ಲಿ ಮಕರಂದವಿಲ್ಲ, ಪರಾಗವಾದರೋ ಕೋಶದ ತುದಿಯ ಕಿರುರಂಧ್ರದೊಳಗೆ ಅಡಗಿರುತ್ತದೆ. ಮರ ಕೊರೆಯುವ ಕರಿದುಂಬಿ ಹೂವನ್ನು ತಬ್ಬಿ ಝೇಂಕರಿಸಿದರೆ ಆ ಅದಿರಾಟಕ್ಕೆ ಪರಾಗ ಉದುರುತ್ತದೆ. ದುಂಬಿಯ ಝೇಂಕಾರವು ಕವಿಸಮಯ ಮಾತ್ರವಲ್ಲ, ಕಾಯಕವೂ ಹೌದು.

ಕಿರಿದಾದ ಹಿತ್ತಲಿಗೂ ಈ ಕ್ರಮ ಸಲ್ಲುತ್ತದೆ. ಬೀದಿಯಂಚಿಗೆ ಹೊಂಗೆ ಇಲ್ಲವೆ ಬೇವು, ಬೇಲಿಗೆ ತಂಗಡಿ, ಬಚ್ಚಲ ನೀರು ಹರಿಯುವಲ್ಲಿ ಕರಿಬೇವು, ನಿಂಬೆ, ನುಗ್ಗೆ, ಬಾಗಿಲ ಮುಂದೆ ತುಳಸಿ. ಕರಿಬೇವಿನ ಎಲೆಯನ್ನು ಹುಳು ತಿಂದರೆ ಔಷಧ ಸಿಂಪಡಿಸಲಾಗದು. ಅದು ಬಹುಮಟ್ಟಿಗೆ ಚಿಟ್ಟೆಯ ಮರಿ. ಒಂದು ಮೂಲೆಯ ಮಣ್ಣನ್ನು ಬರಿದಾಗಿ ಬಿಡಬೇಕು. ಒಂಟಿಯಾಗಿ ಬಾಳುವ ಹಲವು ಜಾತಿಯ ಜೇನುಗಳು ನೆಲದೊಳಗೆ ಗೂಡು ಮಾಡುತ್ತವೆ. ಅಲ್ಲಿಯೇ ತುಂಬೆಯೂ ಮೊಳೆಯುತ್ತದೆ. ಬೀಜ ಬಲಿತು ಉದುರುವವರೆಗೆ ಅದನ್ನು ಕೀಳಬಾರದು.

ಪೂಜೆಗೆ ಹೂ ಬಿಡಿಸುವಾಗ ನಾಲ್ಕನ್ನು ಗಿಡದಲ್ಲಿಯೇ ಉಳಿಸುವ ಪಾಠವನ್ನು ಮನೆಯಲ್ಲಿ ಹಿರಿಯರೂ ಶಾಲೆಯಲ್ಲಿ ಗುರುಗಳೂ ಮಕ್ಕಳಿಗೆ ಕಲಿಸಬೇಕು. ಕೊಯ್ಯದೆ ಉಳಿಸಿದ ಆ ನಾಲ್ಕು ಹೂಗಳಿಂದಲೇ ಬರುವ ವರ್ಷದ ಪೂಜೆಗೆ ಹೂವುಂಟು.