ಆರೋಗ್ಯವಂತ ಮಗುವಿನ ಹೃದಯವನ್ನು ಅಳೆಯುವುದೇಕೆ?

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದ ನಂತರ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಹರಡಿದಾಗಲೂ ಜಯದೇವ ಆಸ್ಪತ್ರೆಗಳಲ್ಲಿ ಅದೇ ದೃಶ್ಯ ಮರುಕಳಿಸಿತು. ಇಂತಹ ಸುದ್ದಿ ಕೇಳಿದ ತಂದೆತಾಯಿಯರಲ್ಲಿ, ಚೆನ್ನಾಗಿ ಆಡಿಕೊಂಡಿರುವ ಮಗುವಿಗೂ ಹೃದಯದ ಎಂ.ಆರ್.ಐ. ಮಾಡಿಸಿಬಿಡೋಣವೇ ಎಂಬ ಆಲೋಚನೆ ಮೂಡುವುದು ಸಹಜ. ಭಯ ಪರಿಹಾರಕ್ಕಾಗಿ ಅದು ಬೇಡವೆಂದೇ ನಾವು ಹೇಳುತ್ತೇವೆ. ಆದರೂ ವೈದ್ಯವಿಜ್ಞಾನಕ್ಕೆ ಆರೋಗ್ಯವಂತ ಮಕ್ಕಳ ಎಂ.ಆರ್.ಐ. ಚಿತ್ರಗಳು ಬೇಕೇಬೇಕು. ಈ ಎರಡು ಮಾತುಗಳು ಪರಸ್ಪರ ವಿರುದ್ಧವಲ್ಲ.

ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣವಿಲ್ಲ; ಕಾಂತಶಕ್ತಿ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಪ್ರಬಲ. ಹೃದಯವು ಒಂದೆಡೆ ನಿಲ್ಲದ ಅಂಗವಾದುದರಿಂದ ಇ.ಸಿ.ಜಿ.ಯ ಪ್ರತಿ ಬಡಿತಕ್ಕೂ ಹೊಂದಿಸಿ ಚಿತ್ರಗಳನ್ನು ಹಿಡಿಯಬೇಕಾಗುತ್ತದೆ.

ಹೃದಯದ ಬಲವನ್ನು ಅಳೆಯುವ ಹಳೆಯ ಮಾನದಂಡವೆಂದರೆ ಎಜೆಕ್ಷನ್ ಫ್ರ್ಯಾಕ್ಷನ್. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಬಿತ್ತು ಎಂಬ ಲೆಕ್ಕವದು. ಆದರೆ ಸ್ನಾಯು ಕೆಡಲು ತೊಡಗಿದ ಮೇಲೂ ಈ ಅಂಕಿ ಬಹುಕಾಲ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಸ್ನಾಯುವಿನ ಎಳೆ ಎಷ್ಟು ಮೊಟಕಾಗುತ್ತದೆ ಎಂಬುದನ್ನೇ ಅಳೆಯುವ ವಿಧಾನ ಬಂದಿತು. ವೈದ್ಯರು ಇದನ್ನು ಸ್ಟ್ರೈನ್ ಎನ್ನುತ್ತಾರೆ. 10 ಸೆಂ.ಮೀ. ಇದ್ದುದು ಸಂಕೋಚನದಲ್ಲಿ 8 ಸೆಂ.ಮೀ. ಆದರೆ ಸ್ಟ್ರೈನ್ ಮೈನಸ್ ಶೇ. 20. 1988ರಲ್ಲಿ ಅಮೆರಿಕದ ಎಲಿಯಾಸ್ ಝೆರೂನಿ ಮತ್ತು ಸಂಗಡಿಗರು ಹೃದಯದ ಚಿತ್ರದ ಮೇಲೆ ಕಾಂತೀಯ ಗೆರೆಗಳನ್ನು ಮೂಡಿಸುವ ವಿಧಾನವನ್ನು ಪ್ರಕಟಿಸಿದರು. ಚೌಕಳಿ ಬಟ್ಟೆಯನ್ನು ಜಗ್ಗಿದಾಗ ಚೌಕಗಳು ಸೊಟ್ಟಗಾಗುವಂತೆ, ಆ ಗೆರೆಗಳ ಬಾಗುವಿಕೆಯಿಂದಲೇ ಸ್ನಾಯುವಿನ ಚಲನೆ ತಿಳಿಯುತ್ತಿತ್ತು. ಈಗ ಗೆರೆಗಳಿಲ್ಲದೆಯೂ ಗಣಕಯಂತ್ರವು ಸ್ನಾಯುವಿನ ಅಂಚನ್ನು ಹಿಂಬಾಲಿಸಿ ಲೆಕ್ಕ ಹಾಕುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಕಿದ್ವಾಯಿ ಗ್ರಂಥಿ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಒಂದಕ್ಕೊಂದು ಸಮೀಪದಲ್ಲಿವೆ. ಡುಶೆನ್ ಎಂಬ ಸ್ನಾಯುಕ್ಷಯವುಳ್ಳ ಬಾಲಕರು, ಕ್ಯಾನ್ಸರಿಗೆ ಆಂಥ್ರಾಸೈಕ್ಲಿನ್ ಔಷಧ ಪಡೆದ ಮಕ್ಕಳು ಇಂತಹ ಆಸ್ಪತ್ರೆಗಳಿಗೆ ಬರುವವರೇ. ಮೊದಲನೆಯವರಲ್ಲಿ ರೋಗವೂ, ಎರಡನೆಯವರಲ್ಲಿ ರೋಗ ಗುಣಪಡಿಸಿದ ಔಷಧವೂ ಮುಂದೆ ಹೃದಯಕ್ಕೆ ಪೆಟ್ಟು ಕೊಡಬಲ್ಲವು. ಎಜೆಕ್ಷನ್ ಫ್ರ್ಯಾಕ್ಷನ್ ಕುಸಿಯುವ ಮೊದಲೇ ಸ್ಟ್ರೈನ್ ತಗ್ಗುವುದುಂಟು. ಅದನ್ನು ಕಂಡರೆ ಚಿಕಿತ್ಸೆಯ ನಿರ್ಧಾರ ಬೇಗ ಆದೀತು. ಆದರೆ ಒಂಬತ್ತು ವರ್ಷದ ಬಾಲಕನ ಸ್ಟ್ರೈನ್ ತಗ್ಗಿದೆಯೆಂದು ಹೇಳಲು, ಅದೇ ವಯಸ್ಸಿನ ಆರೋಗ್ಯವಂತ ಬಾಲಕನಲ್ಲಿ ಅದು ಎಷ್ಟಿರುತ್ತದೆ ಎಂಬುದು ತಿಳಿದಿರಬೇಡವೇ?

ಇಲ್ಲಿಯೇ ಕೊರತೆ. ದೊಡ್ಡವರ ಅಳತೆ ಮಕ್ಕಳಿಗೆ ಒಪ್ಪದು. ಹೃದಯದ ಗಾತ್ರವನ್ನು ಮಗುವಿನ ಮೈಯ ವಿಸ್ತೀರ್ಣಕ್ಕೆ ಹೊಂದಿಸಿ ನೋಡಬೇಕು. 2009ರಲ್ಲಿ ನೆದರ್ಲೆಂಡಿನ ರಾಟರ್‌ಡ್ಯಾಮಿನಿಂದ ಬಂದ ಒಂದು ಪ್ರಮುಖ ಅಧ್ಯಯನದಲ್ಲಿದ್ದವರು 8ರಿಂದ 17 ವರ್ಷದ 60 ಮಕ್ಕಳು ಮಾತ್ರ. ಎಂಟಕ್ಕಿಂತ ಚಿಕ್ಕವರು ವಿರಳ, ಏಕೆಂದರೆ ಅವರು ಅಲುಗಾಡದೆ ಮಲಗಲಾರರು, ಮತ್ತು ಬರಿಯ ಅಳತೆಗಾಗಿ ಆರೋಗ್ಯವಂತ ಮಗುವಿಗೆ ಅರಿವಳಿಕೆ ಕೊಡುವುದು ಸಲ್ಲದು. (ಹಸುಗೂಸುಗಳಿಗೆ ಹಾಲುಣಿಸಿ, ಬಟ್ಟೆಯಲ್ಲಿ ಸುತ್ತಿ, ನಿದ್ರೆಯಲ್ಲಿಯೇ ಚಿತ್ರ ತೆಗೆಯುವ ಜಾಣ್ಮೆಯುಂಟು.) ಒಂದು ಗಣಕ ತಂತ್ರಾಂಶದ ಸ್ಟ್ರೈನ್ ಅಂಕಿ ಇನ್ನೊಂದರದಕ್ಕೆ ತಾಳೆಯಾಗದಿರಬಹುದು. ಆದ್ದರಿಂದ ಪರದೇಶದ ಪಟ್ಟಿಯನ್ನು ಹಾಗೆಯೇ ಎರವಲು ತರುವುದು ಸಾಲದೆಂದು ನಮ್ಮ ಅಭಿಪ್ರಾಯ.

ಇಂತಹ ಅಧ್ಯಯನಕ್ಕೆ ಕರೆ ಬಂದರೆ ತಂದೆತಾಯಿಯರು ಅರಿವಳಿಕೆಯಾಗಲಿ ಗ್ಯಾಡೋಲಿನಿಯಂ ಚುಚ್ಚುಮದ್ದಾಗಲಿ ಇದೆಯೇ ಎಂದು ಮೊದಲು ಕೇಳಬೇಕು, ಎರಡೂ ಇರಬಾರದು. ಮಗು ಅರ್ಧ ಗಂಟೆಯಿಂದ ಒಂದು ಗಂಟೆ ಸದ್ದು ಮಾಡುವ ಕೊಳವೆಯಲ್ಲಿ ಮಲಗಿ, ಹೇಳಿದಾಗಲೆಲ್ಲ ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಬೇಕಾಗುತ್ತದೆ. ಐ.ಸಿ.ಎಂ.ಆರ್. 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ತಂದೆತಾಯಿಯರ ಒಪ್ಪಿಗೆಯೊಂದೇ ಸಾಲದು. 7 ವರ್ಷ ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದ ಮೇಲೆ ಲಿಖಿತ ಸಮ್ಮತಿ ಬೇಕು.

ಇನ್ನು ನಿಜವಾಗಿ ತಪಾಸಣೆ ಬೇಕಾದ ಮಕ್ಕಳು ಬೇರೆಯೇ ಇದ್ದಾರೆ. ಓಡುವಾಗ ಮೂರ್ಛೆ ಹೋಗುವ ಮಗು, ಹಾಲು ಕುಡಿಯುತ್ತ ಏದುಸಿರು ಬಿಟ್ಟು ಬೆವರುವ ಕೂಸು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಮರಣ ಸಂಭವಿಸಿರುವ ಮಗು: ಇವರನ್ನು ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಲ್ಲಿಯೂ ಮೊದಲಿಗೆ ಇ.ಸಿ.ಜಿ. ಮತ್ತು ಎಕೋ, ಅವುಗಳಿಂದ ಉತ್ತರ ಸಿಗದಿದ್ದಾಗ ಮಾತ್ರ ಎಂ.ಆರ್.ಐ.