ಮದುವೆ ಮಾಡಿದರೆ ಬಿಡುವ ಚಟವಲ್ಲ

ಅಪ್ಪನ ಪಾಸ್‌ಬುಕ್ಕನ್ನೂ ತಮ್ಮನ ಎಟಿಎಂ ಕಾರ್ಡನ್ನೂ ಮಗಳಾದವಳು ಕಸಿದುಕೊಂಡಳು ಎಂದು ನಮ್ಮ ನೆಂಟರಲ್ಲಿ ಇವತ್ತಿಗೂ ಮಾತಿದೆ. ಕಸಿದುಕೊಂಡದ್ದು ನಿಜ. ಅಂಥ ಕಾಲ ಬಂದರೆ ಮತ್ತೆ ಕಸಿದುಕೊಳ್ಳುತ್ತೇನೆ. 23ರ ಹುಡುಗ, 64ರ ಅಪ್ಪ ಇಬ್ಬರೂ ಒಂದೇ ಸೂರಿನಡಿ ಜೂಜಿಗೆ ಬಿದ್ದದ್ದನ್ನು ನೋಡಿದವಳು ನಾನು. ಚಟ ಒಂದೇ, ಮದ್ದೂ ಒಂದೇ ಎಂದುಕೊಂಡವರು ಇದನ್ನು ಓದಬೇಕು.

ತಮ್ಮನದು ಐಪಿಎಲ್ ಬೆಟ್ಟಿಂಗ್. ಗೆಲ್ಲುವ ತಂಡದ ಮೇಲೆ ದುಡ್ಡು ಕಟ್ಟುತ್ತಾನೆ, ಅಷ್ಟೇ ಎಂದು ತಿಳಿದಿದ್ದೆ. ಒಂದು ರಾತ್ರಿ ಅವನ ಬೆನ್ನ ಹಿಂದೆ ನಿಂತು ನೋಡಿದೆ. ಓವರಿಗೊಂದು, ಚೆಂಡಿಗೊಂದು ಬಾಜಿ. ಐದು ಸಾವಿರ ಹೋಯಿತು ಎಂದು ನನಗೆ ಅರ್ಥವಾಗುವ ಮೊದಲೇ ಹತ್ತು ಸಾವಿರ ಒತ್ತಿದ್ದ. ಖಾತೆ ಖಾಲಿಯಾದದ್ದೇ ಸಾಲದ ಆ್ಯಪ್ ತೆರೆದ. ಆಧಾರ್, ಫೋಟೊ ಎಲ್ಲ ಮೊದಲೇ ಕೊಟ್ಟಿದ್ದನಂತೆ. ಓವರ್ ಬದಲಾಗುವಷ್ಟರಲ್ಲಿ ದುಡ್ಡು ಬಂದೇಬಿಟ್ಟಿತು. "ಸಾಕು ಬಿಡೋ" ಎಂದೆ. "ಇದೊಂದು ಬಾಲ್ ಅಕ್ಕ" ಎಂದ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ. ಸಿಕ್ಸರ್ ಆಗಬೇಕಿದ್ದ ಹೊಡೆತ ಬೌಂಡರಿ ಗೆರೆಯ ಒಳಗೇ ಕ್ಯಾಚ್ ಆಯಿತು. ತಿರುಗಿ ನನ್ನನ್ನು ನೋಡಿ, "ನೋಡಿದ್ಯಾ, ಒಂದಡಿ ಆಚೆ ಬಿದ್ದಿದ್ರೆ ಗೆದ್ದಿದ್ದೆ!" ಎಂದ. ಕಳೆದುಕೊಂಡವನ ಮುಖವಲ್ಲ ಅದು, ಗೆಲ್ಲುವುದರಲ್ಲಿದ್ದವನ ಮುಖ. ಆಗ ನನಗೆ ಹೊಟ್ಟೆಯೊಳಗೆ ಭಯ ಹುಟ್ಟಿತು.

ಸಾಲದವರು ಅಮ್ಮನ ನಂಬರಿಗೆ ಹೊಲಸು ಮೆಸೇಜು ಕಳಿಸತೊಡಗಿದ ಮೇಲೆ ಠಾಣೆಗೆ ಹೋದೆ. "ಬೆಟ್ಟಿಂಗ್ ಆಡಿದ್ದು ನಿಮ್ಮ ಹುಡುಗನೇ ತಾನೇ ಮೇಡಂ? ಕಂಪ್ಲೇಂಟ್ ಬರ್ಕೊಂಡ್ರೆ ಅವನ್ನೇ ಮೊದಲು ಕೂರಿಸ್ಬೇಕಾಗುತ್ತೆ" ಎಂದು ಹೆದರಿಸಿ ಕಳಿಸಿದರು. ಸೋದರಮಾವ ಇನ್ನೂ ಮುಂದೆ ಹೋದರು. "ಬಿಸಿರಕ್ತ, ಮದುವೆ ಮಾಡಿ, ತಾನೇ ದಾರಿಗೆ ಬರ್ತಾನೆ" ಎಂದು ನಮಗೆ ಹೇಳಿ, ನಮಗೆ ತಿಳಿಸದೆ ಅವನ ಸಾಲದಲ್ಲಿ ಅರ್ಧ ತೀರಿಸಿದರು. ಸಾಲ ಹಗುರಾದ ಹುಡುಗ ಮುಂದಿನ ಪಂದ್ಯಕ್ಕೆ ಮತ್ತೆ ಕೂತ. ಮಾವನನ್ನು ನಾನಿನ್ನೂ ಕ್ಷಮಿಸಿಲ್ಲ.

ಮಾವನ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ಅಪಾಯ. ಮಿದುಳಿನ ಮುಂಭಾಗ, ಅಂದರೆ 'ತಡಿ, ಯೋಚಿಸು' ಎನ್ನುವ ಭಾಗ, ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ ಎಂದು ನಾವು ಕಂಡ ಮನೋವೈದ್ಯೆ ವಿವರಿಸಿದರು. ವಯಸ್ಸಾದಂತೆ ದುಡುಕು ಸಾಮಾನ್ಯವಾಗಿ ತಗ್ಗುತ್ತದೆ. ಗೆದ್ದೇ ಗೆಲ್ಲುತ್ತೇನೆ ಎನ್ನುವ ತಪ್ಪು ಎಣಿಕೆ ಅದರ ಜೊತೆ ತಾನಾಗಿ ಇಳಿಯುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಜೂಜಿನ ಕಾಯಿಲೆಯನ್ನು ದುಡುಕಿನ ತೊಂದರೆಗಳ ಸಾಲಿನಿಂದ ತೆಗೆದು, ಕುಡಿತ ಮತ್ತು ಮಾದಕವಸ್ತುಗಳ ಚಟದ ಸಾಲಿಗೆ ಸೇರಿಸಿತು. ಬರೀ ಬಿಸಿರಕ್ತವಾಗಿದ್ದರೆ ನಮ್ಮಪ್ಪ ಎಂದೋ ಬಿಟ್ಟಿರಬೇಕಿತ್ತು.

ಅಪ್ಪನದು ಓಸಿ, ಅಂದರೆ ಅಂಕಿಗಳ ಮೇಲಿನ ಜೂಜು. ಜೀವಮಾನದಲ್ಲಿ ಅವಸರ ಮಾಡಿದವರಲ್ಲ. ಅಡಿಕೆಯನ್ನೂ ರೇಟು ನೋಡಿಯೇ ಮಂಡಿಗೆ ಹಾಕುತ್ತಿದ್ದವರು. ಮಗನನ್ನು "ಬುದ್ಧಿಗೇಡಿ" ಎಂದು ಬೈದು, ಒಂದು ವಾರ ತಮ್ಮ ಹಳೆಯ ನೋಟುಬುಕ್ಕು ತಿರುವಿ, ಅಮ್ಮನ ಅವಲಕ್ಕಿ ಸರವನ್ನು ಗಿರವಿ ಇಟ್ಟು, ಅಷ್ಟೂ ದುಡ್ಡನ್ನು ಬಹಳ ದಿನದಿಂದ ಬರದ ನಾಲ್ಕು ಜೋಡಿ ಅಂಕಿಗಳ ಮೇಲೆ ಕಟ್ಟಿದರು. ಮಗನ ಸಾಲ ತೀರಿಸುವುದಕ್ಕಂತೆ. ಬರಲಿಲ್ಲ.

00ಯಿಂದ 99ರವರೆಗೆ ನೂರು ಜೋಡಿ. ನಮ್ಮ ಕಡೆ ಗೆದ್ದರೆ ರೂಪಾಯಿಗೆ 70 ಕೊಡುತ್ತಾರೆ. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ 30 ರೂಪಾಯಿ ಖಚಿತವಾಗಿ ಹೋಯಿತು. ನಿನ್ನೆ ಬಂದದ್ದಕ್ಕೂ ಇವತ್ತು ಬರುವುದಕ್ಕೂ ಸಂಬಂಧವಿಲ್ಲ. 1913ರಲ್ಲಿ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಒಂದೇ ಸಮನೆ 26 ಸಲ ಕಪ್ಪು ಬಂದು, 'ಇನ್ನು ಕೆಂಪೇ' ಎಂದು ಕಟ್ಟಿದವರೆಲ್ಲ ಮುಳುಗಿದ ಕತೆಯನ್ನು ಡಾಕ್ಟರು ಅಪ್ಪನಿಗೆ ಹೇಳಿದರು. "ಕೊನೆಗೆ ಕೆಂಪು ಬಂತು ತಾನೇ?" ಎಂದರು ಅಪ್ಪ. ನಾವು ತಪ್ಪು ಎಣಿಕೆ ಎನ್ನುವುದು ಅವರಿಗೆ ಅನುಭವ.

ಅವರ ನೋಟುಬುಕ್ಕಿನಲ್ಲಿ ದಿನಾಂಕವಿತ್ತು, ಬಂದ ಅಂಕಿಯಿತ್ತು, ತಾವು ಗೆದ್ದ ದಿನ ಕೆಂಪು ಗುರುತಿತ್ತು. ಕಟ್ಟಿದ ದುಡ್ಡಿನ ಕಾಲಂ ಇರಲಿಲ್ಲ. ಡಾಕ್ಟರು ಅದನ್ನೇ ಎಳೆಸಿದರು. ಅಪ್ಪನ ಕೈಯಲ್ಲೇ ಬರೆಸಿದರು. ಪುಟ ತುಂಬಿದಂತೆ ಅವರ ವಾದ ಕಡಿಮೆಯಾಯಿತು. ಪೂರ್ತಿ ನಿಂತಿದೆ ಎಂದು ಹೇಳಲಾರೆ.

ತಮ್ಮನಿಗೆ ಲೆಕ್ಕದ ಪಾಠ ಆಡುವ ಹೊತ್ತಿನಲ್ಲಿ ತಲೆಗೆ ಹೋಗುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಆಸೆಗೂ ದುಡ್ಡಿಗೂ ನಡುವೆ ಒಂದಿಷ್ಟು ಹೊತ್ತು. ಫೋನಿನಿಂದ ಯುಪಿಐ ತೆಗೆಸಿ, ಸಂಬಳ ಬೇರೆ ಖಾತೆಗೆ ಹೋಗುವಂತೆ ಮಾಡಿದೆ. ಪಂದ್ಯದ ರಾತ್ರಿಗಳಲ್ಲಿ ಒಬ್ಬನನ್ನೇ ಬಿಡಲಿಲ್ಲ. ಸಾಲವನ್ನು ನೀವು ತೀರಿಸಲೇಬೇಕಾದರೂ ಮನೆಯವರೆಲ್ಲರ ಎದುರಿಗೆ ಲೆಕ್ಕ ಬರೆಸಿ ತೀರಿಸಿ. ಯಾರಿಗೆ ಹೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಗಳ ವಿರುದ್ಧ ಕೇಂದ್ರದ ಕಾನೂನು ಬಂದದ್ದು ಒಳ್ಳೆಯದೇ, ಆದರೆ ಓಸಿ ಚೀಟಿಗೆ ಆ್ಯಪ್ ಬೇಕಿಲ್ಲ.

ಮೊನ್ನೆ ಮಾವ ಫೋನ್ ಮಾಡಿದ್ದರು, ತಮ್ಮನಿಗೆ ಹೆಣ್ಣು ನೋಡಿದ್ದಾರಂತೆ. ಹುಡುಗಿಯ ಮನೆಯವರಿಗೆ ಮೊದಲು ಸಾಲದ ಪಟ್ಟಿ ತೋರಿಸಿ, ಜಾತಕ ಆಮೇಲೆ ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಆ ಪಟ್ಟಿಯನ್ನು ನಾನೇ ಕಳಿಸುತ್ತೇನೆ.